ಟಿಕೆಟ್ ತಗೊಂಡೂ ರೈಲು ಹತ್ತದ ಮಾದಮ್ಮ

ಆರೂಕಾಲಿಗೆ ಮೈಸೂರು ಗಾಡಿ. ಐದೂವರೆಗೇ ಮಾದಮ್ಮ ಪೊರಕೆ ಹಿಡಿದು ಗೋಣಿಕಟ್ಟೆ ಹಾಲ್ಟಿನಲ್ಲಿ ಹಾಜರು. ಹೊಳೆನರಸೀಪುರಕ್ಕೆ ಮುಂಚೆ ಸಿಗುವ ಈ ನಿಲ್ದಾಣಕ್ಕೆ ಸ್ಟೇಷನ್ ಮಾಸ್ತರಿಲ್ಲ, ಒಬ್ಬ ಜವಾನನೂ ಇಲ್ಲ. ಕಮಿಷನ್ ಮೇಲೆ ಟಿಕೆಟ್ ಕೊಡುವ ಪಂಚಾಕ್ಷರಯ್ಯನವರೂ ಗಾಡಿ ಹೊರಟಿತೆಂದರೆ ಕಿಟಕಿ ಮುಚ್ಚಿ ಹಾಲು ಕರೆಯಲು ಹೋಗುತ್ತಾರೆ.

ಪ್ಲಾಟ್‌ಫಾರಂ ಎಂಬುದು ಬರೀ ನೆಲ. ಬೋಗಿಯ ಮೆಟ್ಟಿಲು ಸೊಂಟದೆತ್ತರ. ಗಾಡಿ ನಿಲ್ಲುವುದು ಒಂದೇ ನಿಮಿಷ. ಎಂಟು ವರ್ಷದ ಹಿಂದೆ ಅತ್ತೆ ಮಾರಮ್ಮ ಹತ್ತಲು ಹೋಗಿ ಬಿದ್ದು ಸೊಂಟ ಮುರಿದುಕೊಂಡರು. ಆ ವಾರವೇ ಮಾದಮ್ಮ ಮನೆಯ ಮರದ ಸ್ಟೂಲು ಹೊತ್ತು ತಂದರು, ಜೊತೆಗೆ ಗುಡಿಸುವುದನ್ನೂ ಶುರು ಮಾಡಿದರು. ಈಗ ದಿನಕ್ಕೆ ಹದಿನೈದಿಪ್ಪತ್ತು ಮಂದಿ ಮುದುಕರು, ಬಸುರಿಯರು ಅದರ ಮೇಲೆ ಕಾಲಿಟ್ಟೇ ಹತ್ತುತ್ತಾರೆ. ಸಂಬಳ ಕೇಳಲಿಲ್ಲವೇ ಅಂದರೆ, "ಯಾರ್ನ ಕೇಳಾನ ಸಾ? ಇಲ್ಲಿ ಯಾರವ್ರೆ?" ಅಂತ ನಗುತ್ತಾರೆ.

ಆ ನಗೆಗೆ ಕಲ್ಲು ಬಿದ್ದದ್ದು ಹೋದ ತಿಂಗಳು. ತಪಾಸಣೆಗೆ ಬಂದ ಸಾಹೇಬರೊಬ್ಬರು, "ಯಾರಮ್ಮ ನೀನು? ಟಿಕೆಟ್ ಎಲ್ಲಿ?" ಅಂದರು. ಇಲ್ಲಿ ಗುಡಿಸೋಳು ಅಂದರೆ, "ಇಲ್ಲಿ ಸಿಬ್ಬಂದಿಯೇ ಇಲ್ಲವಲ್ಲ. ಟಿಕೆಟಿಲ್ಲದೆ ಒಳಗೆ ಬಂದರೆ ದಂಡ" ಅಂತ ಹೇಳಿ ಹೊರಟೇಹೋದರು. ಅಯ್ಯೋ ಶಿವನೇ! ಎಂಟು ವರ್ಷ ಗುಡಿಸಿದ ಜಾಗದಲ್ಲಿ ತಾನು ಇಲ್ಲವೇ ಇಲ್ಲವಂತೆ! ಮಾದಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಎರಡು ದಿನ ಮನೆಯಲ್ಲೇ ಕೂತರು. ಎರಡನೇ ದಿನ, ಮೈಸೂರಿನ ಆಸ್ಪತ್ರೆಗೆ ಹೊರಟಿದ್ದ ನೀಲಾಂಬಿಕೆ ಅಜ್ಜಿ ಬಾಗಿಲಿಗೇ ಬಂದು ನಿಂತರು. "ಅತ್ತಕ್ಕಾಗ್ನಿಲ್ಲ ಕಣಮ್ಮಿ. ಗಾಡಿ ಓಗ್ಬುಡ್ತು."

ಮಾರನೆಯ ಬೆಳಗ್ಗೆ ಮಾದಮ್ಮ ಕಿಟಕಿಗೆ ಕೈ ಚಾಚಿದರು.

"ಒಳೆನರಸೀಪುರಕ್ಕೆ ಒಂದು ಕೊಡಿ ಅಯ್ನೋರೆ."

"ಏನಮ್ಮ, ಸಂತೆಗಾ?" ಅಂದರು ಪಂಚಾಕ್ಷರಯ್ಯ.

"ಎಲ್ಲಿಗೂ ಇಲ್ಲ. ಗುಡಿಸಾಕೆ."

ಅಂದಿನಿಂದ ದಿನಾ ಒಂದು ಟಿಕೆಟ್ ಸೆರಗಿನ ಗಂಟಿನಲ್ಲಿರುತ್ತದೆ. ಆದರೆ ಈಗ ಇನ್ನೊಂದು ಗೊಂದಲ. "ಟಿಕೆಟ್ ತಕ್ಕಂಡು ಅತ್ತದೇ ಇದ್ರೆ ಅದ್ಕೂ ದಂಡ ಆಕ್ತಾರಾ ಸಾ?" ಪಂಚಾಕ್ಷರಯ್ಯನವರಿಗೂ ಗೊತ್ತಿಲ್ಲ. ಕೇಳೋಣವೆಂದರೆ ಸಾಹೇಬರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಪ್ಯಾಂಟು ಹಾಕಿದ ಹೊಸಬರು ಯಾರು ಇಳಿದರೂ ಮಾದಮ್ಮನ ಕೈ ಸೆರಗಿನ ಗಂಟಿಗೆ ಹೋಗುತ್ತದೆ. ಹಾಗಂತ ಕೆಲಸ ಬಿಡುವ ಮಾತೇ ಇಲ್ಲ.

ಗುಡಿಸೋಕೆ ಬಿಟ್ಟರೆ ಸಾಕು, ಬೇರೇನೂ ಬೇಡ ಅನ್ನುತ್ತಾರೆ. ಹಾಗಾದರೆ ಪೇಪರಿನಲ್ಲಿ ನಿಮ್ಮನ್ನು ಯಾರು ಅಂತ ಬರೆಯೋದು ಅಂದರೆ, ಪೊರಕೆಯನ್ನು ಸ್ಟೂಲಿಗೆ ಒರಗಿಸಿ ಸೆರಗಿನ ಗಂಟು ಬಿಗಿ ಮಾಡುತ್ತಾರೆ.

"ರೈಲ್ವೆಯೋಳು ಅಂತ ಬರೀಬ್ಯಾಡಿ ಸಾ, ಸುಳ್ಳಾಯ್ತದೆ. ಅಲ್ಲ ಅಂತ್ಲೂ ಬರೀಬ್ಯಾಡಿ, ಒಟ್ಟೆ ಉರೀತದೆ."