ಮೂತ್ರಕೋಶದ ಪ್ರಬಂಧದಿಂದ ನಾನು ಬಿಟ್ಟ ಮಾತು

ಉತ್ತರ ಏನು ಬರುತ್ತದೋ ಎಂಬ ಭಯಕ್ಕೆ ನೀವು ಎಂದಾದರೂ ಪ್ರಶ್ನೆಯನ್ನೇ ಕೇಳದೆ ಉಳಿದಿದ್ದೀರಾ? ನಾನು ಉಳಿದಿದ್ದೇನೆ. ಮೂತ್ರಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಬಗ್ಗೆ ನಾನು ಪ್ರಕಟಿಸಿದ ಸಂಶೋಧನಾ ಪ್ರಬಂಧದಲ್ಲಿ, ರೋಗಿಗಳೆಲ್ಲ ತೊಂದರೆಯಿಲ್ಲದೆ ಬದುಕುತ್ತಿದ್ದಾರೆ ಎಂಬ ವಾಕ್ಯವೊಂದಿದೆ. ಅದನ್ನು ಅಚ್ಚಿಗೆ ಬಿಟ್ಟುಕೊಟ್ಟಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ನಾನು ಶಸ್ತ್ರವೈದ್ಯ. ಕ್ಯಾನ್ಸರ್ ತಗುಲಿದ ಮೂತ್ರಕೋಶವನ್ನು ತೆಗೆದ ಮೇಲೆ, ಮೂತ್ರವನ್ನು ಹೊಟ್ಟೆಯ ಮೇಲೆ ಅಂಟಿಸಿದ ಚೀಲಕ್ಕೆ ಇಳಿಸಬಹುದು. ಇಲ್ಲವೇ ರೋಗಿಯ ಕರುಳಿನ ತುಂಡಿನಿಂದ ಒಳಗೇ ಹೊಸ ಮೂತ್ರಕೋಶ ಕಟ್ಟಬಹುದು. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಂದ ಬರುವ ಕಾರ್ಮಿಕರಿಗೆ ನಮ್ಮ ಹಿರಿಯರು ಚೀಲವನ್ನೇ ಹಾಕುತ್ತಿದ್ದರು. ಹೊಸ ಮೂತ್ರಕೋಶ ತುಂಬಿದರೂ ಅದು ತಾನಾಗಿ ತಿಳಿಯುವುದಿಲ್ಲ. ಹೊತ್ತುಹೊತ್ತಿಗೆ ಶೌಚಾಲಯಕ್ಕೆ ಹೋಗಬೇಕು, ವರ್ಷಗಟ್ಟಲೆ ತಪಾಸಣೆ ಬೇಕು, ಇವರಿಗೆ ಅದೆಲ್ಲಿ ಸಾಧ್ಯ — ಇದು ಅವರ ವಾದ. 'ಉಳ್ಳವರಿಗೆ ಹೊಸ ಮೂತ್ರಕೋಶ, ದುಡಿಯುವವರಿಗೆ ಮಾತ್ರ ಚೀಲವೇ?' — ಇದು ನನ್ನದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ವೈದ್ಯರ ಸಭೆಯಲ್ಲಿ ಚಪ್ಪಾಳೆ ಬಿತ್ತು. ಆ ವಾದವನ್ನು ಗೆಲ್ಲಿಸಲೆಂದೇ ಕಾರ್ಮಿಕರಿಗೆ ಹೊಸ ಮೂತ್ರಕೋಶ ಕಟ್ಟಿದೆ. ಗೆಲ್ಲಿಸಲೆಂದೇ ಪ್ರಬಂಧ ಬರೆದೆ.

ಚಿಕಿತ್ಸೆಯ ನಂತರದ ವಿಚಾರಣೆಯನ್ನು ನಾನೂ ನನ್ನ ಸಹಾಯಕರೂ ಫೋನಿನಲ್ಲೇ ಮುಗಿಸಿದೆವು. ರೋಗಿಗಳಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದವರು. 'ಹೇಗಿದ್ದೀರಿ' ಎಂದರೆ 'ಆರಾಮ ಅದೀನ್ರೀ ಸಾಹೇಬ್ರ' ಎನ್ನುತ್ತಿದ್ದರು. ಅವರಲ್ಲಿ ಅದು ಮಾತು ಶುರು ಮಾಡುವ ಮರ್ಯಾದೆ. ಕಷ್ಟಸುಖ ಆಮೇಲೆ ಬರುವಂಥದ್ದು. ನಾವು ಆಮೇಲಿನದಕ್ಕೆ ಕಾಯದೆ, 'ತೊಂದರೆ ಇಲ್ಲ' ಎಂದು ಬರೆದುಕೊಂಡು ಫೋನ್ ಇಟ್ಟೆವು. ಅಲ್ಲಿಯವರೆಗೆ ಅದನ್ನು ಅಜ್ಞಾನ ಎನ್ನಬಹುದಿತ್ತು...

ಪ್ರಬಂಧ ಅಚ್ಚಾಗುವ ಮೊದಲು ಆರೋಗ್ಯ ಶಿಬಿರವೊಂದಕ್ಕೆ ಪೀಣ್ಯಕ್ಕೆ ಹೋದವನು, ಅಲ್ಲೇ ಹತ್ತಿರವಿದ್ದ ನಿಂಗಪ್ಪನವರ ಬಾಡಿಗೆ ಕೋಣೆಗೆ ಹೋದೆ. ಬಾಗಲಕೋಟೆ ಕಡೆಯವರು, ನಾನು ಹೊಸ ಮೂತ್ರಕೋಶ ಕಟ್ಟಿದವರಲ್ಲಿ ಮೊದಲಿಗರು. ಎದ್ದು ನಿಂತು ಕೈಮುಗಿದು, 'ಆರಾಮ ಅದೀನ್ರೀ' ಎಂದರು.

ಚಹಾಕ್ಕಿಟ್ಟಿದ್ದ ಅವರ ಹೆಂಡತಿ ಗಂಗವ್ವ ನಕ್ಕುಬಿಟ್ಟರು. 'ಏನ್ ಆರಾಮ್ರೀ! ಕೂಸಿಗೆ ಕಟ್ಟಿದಂಗ ಅರಬಿ ಕಟ್ಟಿ ಮಲಗಸ್ತೀನಿ ಇವರ್ನ.'

'ಏ, ಸುಮ್ಕಿರು.'

'ಯಾಕ ಸುಮ್ಕಿರ್ಲಿ? ಸೋರತೈತಿ ಅಂತ ನೀರ್ ಕುಡಿಯೂದ ಬಿಟ್ಟೀರಿ. ಹೇಳ್ರಿ ಡಾಕ್ಟ್ರ ಮುಂದ!'

ನಿಂಗಪ್ಪ ನೆಲ ನೋಡುತ್ತ ಅಂದರು — 'ಜೀವಾ ಉಳಿಸಿದವ್ರ ಮುಂದ ಉಚ್ಚಿ ಸುದ್ದಿ ಹೆಂಗ ತಗೀಬೇಕ್ರೀ ಸಾಹೇಬ್ರ...'

ನೀರು ಕುಡಿಯದಿದ್ದರೆ, ಸೋರಿದರೂ ಪೂರ್ತಿ ಖಾಲಿಯಾಗದೆ ಮೂತ್ರ ಒಳಗೇ ನಿಂತರೆ, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುತ್ತವೆ. ಇದು ನನಗೆ ಗೊತ್ತಿತ್ತು. 'ಆಸ್ಪತ್ರೆಗೆ ಬನ್ನಿ' ಎಂದೆ. ಅಷ್ಟೇ. ಜೊತೆಗೆ ಕರೆದೊಯ್ಯಲಿಲ್ಲ, ಅವರು ಬರದಿದ್ದಾಗ ವಿಚಾರಿಸಲೂ ಇಲ್ಲ. ಅದೇ ಬೀದಿಯಲ್ಲಿ ಅದೇ ಚಿಕಿತ್ಸೆಯಾದ ಇನ್ನೊಬ್ಬರಿದ್ದರು. ಅವರ ಬಾಗಿಲ ತನಕ ಹೋದೆ, ಒಳಗೆ ಮಾತು ಕೇಳಿಸುತ್ತಿತ್ತು — ತಟ್ಟದೆ ಹಿಂದಿರುಗಿದೆ. ಒಬ್ಬನ ಅನುಭವ ಸಂಶೋಧನೆಯಾಗದು ಎಂದು ದಾರಿಯುದ್ದಕ್ಕೂ ನನಗೆ ನಾನೇ ವಾದಿಸಿದೆ. ಎದುರಾಳಿಯಿಲ್ಲದ ಆ ಚರ್ಚೆಯಲ್ಲಿ ಸುಲಭವಾಗಿ ಗೆದ್ದೆ. ವಾಕ್ಯ ಹಾಗೆಯೇ ಅಚ್ಚಾಯಿತು.

ಈಚೆಗೆ ವೈಟ್‌ಫೀಲ್ಡ್‌ನಲ್ಲಿ ನಡೆದ ವೈದ್ಯರ ಸಮ್ಮೇಳನದಲ್ಲಿ ಕಿರಿಯ ಶಸ್ತ್ರವೈದ್ಯನೊಬ್ಬ ಉತ್ಸಾಹದಿಂದ ಕೈಕುಲುಕಿದ. 'ಚೀಲನೇ ಸಾಕು ಅಂತಾರೆ ಸಾರ್ ಕೆಲವು ಪೇಷೆಂಟ್‌ಗಳು. ನಿಮ್ ಪೇಪರ್ ತೋರಿಸ್ತೀನಿ ನೋಡಿ, ಒಪ್ಕೊಂಡ್ಬಿಡ್ತಾರೆ!' ಎಷ್ಟು ಜನ? ಯಾವ ಯಾವ ಊರಲ್ಲಿ? ಅದನ್ನೂ ಕೇಳದೆ ಹೊರಬಂದೆ.

ಮರುದಿನವೇ ಪೀಣ್ಯಕ್ಕೆ ಓಡಿದೆ. ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ನಿಂಗಪ್ಪನವರ ಫೋನ್ ನಂಬರು ಚಾಲ್ತಿಯಲ್ಲಿಲ್ಲ. ಪಕ್ಕದ ಮನೆಯಾಕೆ ಹೇಳಿದರು, 'ಅವ್ರು ಆವಾಗ್ಲೇ ಖಾಲಿ ಮಾಡ್ಕೊಂಡು ಹೋದ್ರು ಸಾರ್. ಪಾಪ, ಆಯಪ್ಪಂಗೆ ಕಾಲು ಮುಖ ಎಲ್ಲಾ ಊದ್ಕೊಂಡಿತ್ತು.'

ಊದಿದ ಕಾಲು, ಊದಿದ ಮುಖ — ಮೂತ್ರಪಿಂಡಗಳು ಸೋತಿವೆಯೆಂದು ವೈದ್ಯನಾದ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರು ಬದುಕಿದ್ದಾರೋ...

ಪ್ರಬಂಧವನ್ನು ಹಿಂತೆಗೆದುಕೊಳ್ಳುವಂತೆ, ಕಾರಣ ಸಹಿತ, ಪತ್ರಿಕೆಯ ಸಂಪಾದಕರಿಗೆ ಬರೆದಿದ್ದೇನೆ. ಆ ಕಿರಿಯ ವೈದ್ಯನಿಗೂ ಎಲ್ಲವನ್ನೂ ಹೇಳಿದ್ದೇನೆ. ಹುದ್ದೆ ಹೋಗಬಹುದು, ವೈದ್ಯನಾಗಿ ಕೆಲಸ ಮಾಡುವ ಪರವಾನಗಿಯೂ ಹೋಗಬಹುದು; ಹೆದರಿಕೆ ಇಲ್ಲವೆಂದರೆ ಅದು ಇನ್ನೊಂದು ಸುಳ್ಳಾದೀತು. ನನ್ನ ಕೈಯಲ್ಲಿ ಚಿಕಿತ್ಸೆಯಾದ ಒಬ್ಬೊಬ್ಬರನ್ನೂ ಹುಡುಕಿಕೊಂಡು ಈಗ ಮನೆಮನೆಗೆ ಹೋಗುತ್ತಿದ್ದೇನೆ. ಪ್ರತಿ ಬಾಗಿಲು ತಟ್ಟುವಾಗಲೂ, ಯಾರು ತೆರೆಯುತ್ತಾರೋ, ಗೋಡೆಗೆ ಹಾರ ಹಾಕಿದ ಯಾರ ಫೋಟೋ ಇದೆಯೋ ಎಂಬ ಭಯ. ಆದರೂ ತಟ್ಟುತ್ತೇನೆ.

ನನ್ನೊಬ್ಬನಿಂದ ಎಲ್ಲರನ್ನೂ ತಲುಪಲಾಗದು. ನಿಮ್ಮ ಮನೆಯಲ್ಲಿ, ವಠಾರದಲ್ಲಿ, ಕಾರ್ಖಾನೆಯಲ್ಲಿ ಕರುಳಿನಿಂದ ಹೊಸ ಮೂತ್ರಕೋಶ ಕಟ್ಟಿಸಿಕೊಂಡವರು ಯಾರಾದರೂ ಇದ್ದರೆ, ದಯವಿಟ್ಟು ಈ ವಾರವೇ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿ.