ಎರಡು ಸಾಲು ಮಲ್ಲಿಗೆ

ಎಂಜಲು ಎಷ್ಟು ದಿನಕ್ಕೆ ಮಣ್ಣಾಗುತ್ತದೆ? ಎಪ್ಪತ್ತರ ದಶಕದ ಕೊನೆಯಲ್ಲಿ, ಕಾಪುವಿನ ನಮ್ಮ ಮನೆಯಲ್ಲಿ, ಈ ಒಂದು ಪ್ರಶ್ನೆಗಾಗಿ ನಾನೂ ಮಾವನವರೂ ಬೇಸಗೆಯಿಡೀ ಮುಖ ಗಂಟಿಕ್ಕಿಕೊಂಡು ಓಡಾಡಿದೆವು. ನನ್ನ ಲೆಕ್ಕದಲ್ಲಿ ಮೂರು ನಾಲ್ಕು ತಿಂಗಳು ಸಾಕು. ಅವರ ಲೆಕ್ಕದಲ್ಲಿ ಅದು ಎಂದೆಂದಿಗೂ ಎಂಜಲೇ.

ನಾನು ಕಾರ್ಕಳದಿಂದ ಸೊಸೆಯಾಗಿ ಬಂದವಳು. ತವರಿನ ನೆಲ ಮುರಕಲ್ಲಿನದು, ಗಟ್ಟಿ. ಇಲ್ಲಿ ಎಲ್ಲಿ ಕಾಲಿಟ್ಟರೂ ಹೊಯಿಗೆ, ಬರೀ ಮರಳು. ಮೇಲೆ ಚೆಲ್ಲಿದ್ದು ಒಂದು ಮಳೆಗೆ ಕೆಳಗಿಳಿಯುತ್ತದೆ. ಆದರೂ ಉಂಡ ಬಾಳೆಲೆ, ತರಕಾರಿ ಸಿಪ್ಪೆ, ಹಳಸಿದ ಅನ್ನ ಎಲ್ಲವೂ ಬೀಳುತ್ತಿದ್ದದ್ದು ಬಾವಿಯ ಮಗ್ಗುಲಿನ ತಗ್ಗಿಗೆ. ನಾನು ಬಂದ ಮೊದಲ ಮಳೆಗಾಲದಲ್ಲಿ ಕೊಡದ ನೀರಿಗೆ ವಾಸನೆ ಬಂತು. ಅತ್ತೆ ಕಾಮಾಲೆಯಾಗಿ ಹಾಸಿಗೆ ಹಿಡಿದರು. ಅವರು ಎದ್ದು ಕೂರುವಷ್ಟರಲ್ಲಿ ನಾನು ತೋಟದ ಕೊನೆಯಲ್ಲಿ, ಬಾವಿಯಿಂದ ದೂರ, ಗೊಬ್ಬರದ ಗುಂಡಿ ತೋಡಿಸಿದ್ದೆ. ಒಂದು ಪದರ ಎಂಜಲೆಲೆ, ಒಂದು ಪದರ ಒಣ ತರಗೆಲೆ, ಮೇಲೆ ಸೆಗಣಿ ನೀರು, ಒಲೆಯ ಬೂದಿ. ನನ್ನ ಅಮ್ಮ ಮಾಡುತ್ತಿದ್ದದ್ದೂ ಹೀಗೆಯೇ.

ಗುಂಡಿಯನ್ನು ಮಾವ ಹೇಗೋ ಸಹಿಸಿದರು. ಆ ಗೊಬ್ಬರವನ್ನು ಮಲ್ಲಿಗೆಯ ಬುಡಕ್ಕೆ ಹಾಕುತ್ತೇನೆ ಎಂದಾಗ ಮಾತ್ರ ಮನೆಯ ಮಾಡು ಹಾರಿಹೋಗುವಂತೆ ಕೂಗಿದರು. ಊರಿನ ದೇವಿಗೆ ದಿನವೂ ಒಂದು ಚೆಂಡು ಮಲ್ಲಿಗೆ ನಮ್ಮ ಮನೆಯಿಂದಲೇ ಹೋಗಬೇಕು, ಅದು ಅವರ ಅಜ್ಜನ ಕಾಲದ ವಾಡಿಕೆ.

"ದೇವಿಯ ತಲೆಗೆ ಎಂಜಲು ಏರಿಸ್ತೀಯಾ? ಇದರಿಂದ ಲಾಭ ಎಂತ ಉಂಟು? ತೋರಿಸು ನೋಡುವ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ತೋರಿಸುತ್ತೇನೆ ಎಂದುಬಿಟ್ಟೆ. ಮಾವನೆದುರು ಸೊಸೆ ಹಾಗೆ ಸವಾಲು ಹಾಕುವ ಕಾಲ ಅದಲ್ಲ. ನನ್ನ ಗಂಡ ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತಿದ್ದರು.

ಒಪ್ಪಂದವಾಯಿತು. ಮಲ್ಲಿಗೆ ಇದ್ದದ್ದು ಎರಡು ಸಾಲು. ಮೂಡು ಸಾಲಿಗೆ ನನ್ನ ಗೊಬ್ಬರ, ಅದರ ಹೂವು ಮಾರಲಿಕ್ಕೆ ಮಾತ್ರ. ಪಡು ಸಾಲಿಗೆ ಬರೀ ನೀರು, ದೇವಿಗೆ ಹೋಗುವುದು ಅದರದ್ದೇ. ಪತ್ತನಾಜೆಯವರೆಗೆ, ಅಂದರೆ ಮಳೆಗೆ ಮುಂಚೆ ಕೋಲ ಜಾತ್ರೆಗಳೆಲ್ಲ ನಿಲ್ಲುವ ದಿನದವರೆಗೆ, ನೋಡುವುದು. ಮೂಡು ಸಾಲಿನಲ್ಲಿ ಹೂವು ಹೆಚ್ಚಿದ್ದರೆ ಗುಂಡಿ ಉಳಿಯುತ್ತದೆ. ಇಲ್ಲವಾದರೆ ಮುಚ್ಚಬೇಕು. ಮುಚ್ಚಿದರೆ ಎಂಜಲೆಲ್ಲ ಮತ್ತೆ ಬಾವಿಯ ಪಕ್ಕಕ್ಕೆ, ಅದೂ ಮಳೆ ಶುರುವಾಗುವ ಹೊತ್ತಿಗೆ. ಅತ್ತೆಯ ಕಣ್ಣಿನ ಹಳದಿ ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ನನಗೆ ಹೆದರಿಕೆ ಇದ್ದದ್ದು ಅದೊಂದೇ.

ಗಂಡ ಮಣಿಪಾಲದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಬೇಡವೆಂದು ಬದಿಗಿಟ್ಟಿದ್ದ ಥರ್ಮಾಮೀಟರೊಂದನ್ನು ಕೇಳಿ ತಂದುಕೊಟ್ಟರು. ಅದನ್ನು ಕೋಲಿಗೆ ಕಟ್ಟಿ ಗುಂಡಿಯೊಳಗೆ ಇಳಿಸುತ್ತಿದ್ದೆ. ಬಿಸಿ ಏರಿದರೆ ಕೊಳೆಯುವ ಕೆಲಸ ನಡೆದಿದೆ, ಇಳಿದರೆ ಮಣ್ಣಾಗಿದೆ.

"ಗೊಬ್ಬರಕ್ಕೆ ಜ್ವರ ನೋಡುವ ಸೊಸೆ ನಮ್ಮದು ಮಾತ್ರ ಮಾರಾಯ್ತಿ," ಎಂದು ಅತ್ತೆ ಬೇಲಿಯಾಚೆಯ ಹೆಂಗಸರಿಗೆ ಹೇಳಿ ನಗುತ್ತಿದ್ದರು. ನನ್ನ ಕಡೆಯೋ ಮಾವನ ಕಡೆಯೋ ಎಂದು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಗಿಡಗಳಿಗೆ ನೀರು ಹಾಕುವುದು ಅವರ ಕೆಲಸ. ಬೆಳಿಗ್ಗೆ ಕೊಡಪಾನ ಹಿಡಿದು ಎರಡೂ ಸಾಲು ಸುತ್ತಿ ಬರುತ್ತಿದ್ದರು.

ಮೊಗ್ಗನ್ನು ನಾನು ಎರಡು ಬುಟ್ಟಿಗೆ ಬೇರೆ ಬೇರೆ ಕೊಯ್ಯುತ್ತಿದ್ದೆ. ಅತ್ತೆ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಸುತ್ತುತ್ತಿದ್ದರು. ನಮ್ಮ ಕಡೆ ಮಲ್ಲಿಗೆಯನ್ನು ತೂಗುವುದಿಲ್ಲ, ಎಣಿಸಿ ಕಟ್ಟಿ ಚೆಂಡಿನಲ್ಲಿ ಅಳೆಯುತ್ತಾರೆ. ಹಾಗಾಗಿ ಮೋಸಕ್ಕೆ ಎಡೆಯಿಲ್ಲ ಎಂದುಕೊಂಡಿದ್ದೆ.

ಮೂಡು ಸಾಲು ಚಿಗುರಿತು. ನಾನು ಒಳಗೊಳಗೇ ಹಿಗ್ಗಿದೆ. ಸ್ವಲ್ಪ ದಿನದಲ್ಲಿ ಪಡು ಸಾಲೂ ಚಿಗುರಿತು. ಇಲ್ಲಿ ಒಂದು ಚೆಂಡಾದರೆ ಅಲ್ಲಿಯೂ ಒಂದು, ಇಲ್ಲಿ ಹೆಚ್ಚಾದ ದಿನ ಅಲ್ಲಿಯೂ ಹೆಚ್ಚು. ಮಾವ ಎರಡು ಬುಟ್ಟಿಗಳನ್ನೂ ನೋಡಿ ಒಳಗೆ ಹೋಗುವರು. ನನಗೆ ಊಟ ಸೇರದಾಯಿತು. ಗೊಬ್ಬರ ಹಸಿಯಾಗಿಯೇ ಹಾಕಿದೆನೋ, ಕಡಿಮೆಯಾಯಿತೋ, ಅಥವಾ ಮಾವ ಹೇಳಿದಂತೆ ನಿಜಕ್ಕೂ ಇದರಿಂದ ಲಾಭವೇ ಇಲ್ಲವೋ? ಥರ್ಮಾಮೀಟರು ಒಳಗಿನ ಬಿಸಿ ಹೇಳುತ್ತಿತ್ತೇ ಹೊರತು ಇದನ್ನು ಹೇಳುತ್ತಿರಲಿಲ್ಲ.

ಪತ್ತನಾಜೆಯ ಬೆಳಿಗ್ಗೆ ಕಡಲ ಕಡೆ ಮೋಡ ಕಪ್ಪಾಗಿ ನಿಂತಿತ್ತು. ಮಾವ ಜಗಲಿಗೆ ಬಂದು, "ವ್ಯತ್ಯಾಸ ಉಂಟಾ?" ಎಂದರು.

ಇಲ್ಲ ಎಂದೆ.

"ಸರಿ ಹಾಗಾದರೆ. ಹಾರೆ ತೆಗೊಂಡು ಬಾ," ಎಂದು ಮಗನಿಗೆ ಹೇಳಿದರು. "ಮಳೆ ಬರುವ ಮೊದಲು ಗುಂಡಿ ಮುಚ್ಚುವ."

ಗಂಡ ಮಣ್ಣೆಳೆಯುವ ಹಾರೆ ತಂದರು, ಆದರೆ ಮುಂದಕ್ಕೆ ಹೋಗಲಿಲ್ಲ. ಅಪ್ಪನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡುತ್ತ ನಿಂತರು. ಆಗ, ನೆಲದ ಮೇಲೆ ಹೂ ಕಟ್ಟುತ್ತಿದ್ದ ಅತ್ತೆ ತಲೆಯೆತ್ತದೆ ಅಂದರು: "ಗುಂಡಿ ಆಮೇಲೆ. ಮೊದಲು ಪಡು ಸಾಲಿನ ಬುಡ ಕೆದಕಿ ನೋಡಿ."

ಮಾವ ತಾವೇ ಹಾರೆ ಕಸಿದುಕೊಂಡು ಹೋಗಿ ಕೆದಕಿದರು. ಮೇಲಿನ ಹೊಯಿಗೆ ಸರಿದ ಕೂಡಲೇ ಕಪ್ಪು ಮಣ್ಣು. ಹುಡಿಹುಡಿಯಾದ, ನನ್ನ ಗುಂಡಿಯದೇ ಮಣ್ಣು.

"ನಾನೇ ಹಾಕಿದ್ದು," ಎಂದರು ಅತ್ತೆ. "ದಿನಾ ನೀರಿಗೆ ಹೋಗುವಾಗ ಒಂದೊಂದು ಹಿಡಿ. ಒಂದೇ ಅಂಗಳದಲ್ಲಿ ಕೂತವರಿಗೆ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಡಿಸದೆ ಇರ್ಲಿಕ್ಕೆ ಆಗ್ತದಾ? ಪಂಕ್ತಿಭೇದ ಮಾಡಿದ ಪಾಪ ನನಗೆ ಬೇಡ."

ನನಗೆ ನಗು ಬರಲಿಲ್ಲ, ಸಿಟ್ಟೇ ಬಂತು. ನಾನು ಅಳೆದದ್ದೆಲ್ಲ ನೀರಿನಲ್ಲಿ ಹೋಮ. ಮರುಕ್ಷಣ ಮಾವನ ಮುಖ ನೋಡಿ ಸಿಟ್ಟು ಇಳಿದು ಭಯವಾಯಿತು. ಅವರಿಗೆ ಹೊಳೆದದ್ದು ಬೇರೆ. ದೇವಿಗೆ ಹೋಗುತ್ತಿದ್ದದ್ದು ಪಡು ಸಾಲಿನ ಹೂವು.

"ಅಂದರೆ ಇಷ್ಟು ದಿನ..." ಎಂದರು.

"ಹೌದು, ಇಷ್ಟು ದಿನ ದೇವಿ ಅದನ್ನೇ ಮುಡಿದದ್ದು. ಅವಳು ಎಂತ ಹೇಳ್ಲಿಲ್ಲ. ಹೇಳುದು ನೀವು ಮಾತ್ರ." ಅತ್ತೆಯ ಬೆರಳು ಹೂ ಕಟ್ಟುವುದನ್ನು ನಿಲ್ಲಿಸಿರಲಿಲ್ಲ. "ಮತ್ತೆ ಆ ಬಾವಿ ನೀರು ಕುಡಿದು ಮಲಗುವವಳು ನಾನು. ನನಗೆ ಇನ್ನೊಮ್ಮೆ ಆಗುದಿಲ್ಲ."

ಆ ಮನೆಯಲ್ಲಿ ಅವರು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಾವ ಹಾರೆಯನ್ನು ಗೋಡೆಗೆ ಒರಗಿಸಿ ಸ್ನಾನಕ್ಕೆ ಹೋದರು. ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದೆವು. ನಾನು ಬಡಿಸಿದೆ, ಅವರು ಉಂಡರು. ಗುಂಡಿ ಉಳಿಯುವುದೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಉಂಡಾದ ಮೇಲೆ ಎಂಜಲೆಲೆ ಎತ್ತುವುದು ಹೆಂಗಸರ ಕೆಲಸ. ನಾನು ಬಗ್ಗುವುದರೊಳಗೆ ಮಾವ ತಮ್ಮ ಎಲೆಯನ್ನು ತಾವೇ ಮಡಚಿ ಎತ್ತಿಕೊಂಡು ಅಂಗಳಕ್ಕಿಳಿದರು. ಅವರು ಬಾವಿಯ ಹತ್ತಿರ ಬಂದಾಗ ನಾನು ಬಾಗಿಲಿಗೆ ಓಡಿ ಬಂದು ನೋಡಿದೆ. ಅವರು ಅಲ್ಲಿ ನಿಲ್ಲದೆ ತೋಟದ ಕೊನೆಯವರೆಗೂ ನಡೆದುಹೋಗಿ ಎಲೆಯನ್ನು ಗುಂಡಿಗೆ ಹಾಕಿ, ಕೈ ಕೊಡವಿಕೊಂಡು ತಿರುಗಿದರು.

ಅಡಿಗೆಮನೆಯ ಕಿಟಕಿಯಿಂದ ಅತ್ತೆ ಕೂಗಿದರು: "ಹಾಗೇ ಬಿಸಾಡಿ ಬಂದರೆ ಆಗುದಿಲ್ಲ, ಮೇಲೆ ತರಗೆಲೆ ಮುಚ್ಚಿ!"