ಎಡಗಡೆಯ ಸೀಟು

ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ರಸ್ತೆಯಲ್ಲಿ ಭೀಮರಾಜುವಿನ ಗ್ಯಾರೇಜಿದೆ. ಅದಕ್ಕೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ ಎಂಬುದು ಅವನ ಜಂಬ. ಮೂವತ್ತು ವರ್ಷ ಅವನದು ಒಂದೇ ಪದ್ಧತಿ. ಗಿರಾಕಿ ಮಾತು ಮುಗಿಸುವ ಮೊದಲೇ ಕೈ ಚಾಚಿ ಕೀ ಇಸಿದುಕೊಳ್ಳುವುದು, ತಾನೇ ಒಂದು ರೌಂಡು ಓಡಿಸಿಕೊಂಡು ಬಂದು ರೋಗ ಹೇಳುವುದು. ಗಾಡಿಯವರ ಕೈಗೇ ಸ್ಟೇರಿಂಗ್ ಕೊಟ್ಟು ಪಕ್ಕದಲ್ಲಿ ಕೂತು ನೋಡಬಹುದಲ್ಲ ಎಂದರೆ, "ಎಡಗಡೆ ಸೀಟಲ್ಲಿ ಕೂರಾಕೆ ನಾನೇನು ಹೊಸಾ ಮದುಮಗಳಾ?" ಎಂದು ನಗುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳಿದ್ದೇ ನಿಜವಾಗುತ್ತಿತ್ತು. ಪುಣ್ಯಾತ್ಮನನ್ನು ಕೆಡಿಸಿದ್ದೇ ಅದು.

ಎರಡು ವರ್ಷದ ಹಿಂದೆ ವನಜಾಕ್ಷಿ ಟೀಚರು ತಮ್ಮ ಕಾರು ತಂದರು. ಚನ್ನರಾಯನದುರ್ಗದ ಶಾಲೆಯಲ್ಲಿ ಪಾಠ ಹೇಳುವ ಹೆಂಗಸು. ತಾಯಿ ಓಬಳಮ್ಮನಿಗೆ ಮೊಣಕಾಲು ಹೋಗಿ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಆ ಮುದುಕಿಗಿದ್ದ ಆಸೆ ಒಂದೇ, ಪಾವಗಡದ ಕಡೆ ಬಲಸಮುದ್ರದಲ್ಲಿದ್ದ ಅಕ್ಕನನ್ನು ತಿಂಗಳಿಗೊಮ್ಮೆ ನೋಡಿ ಬರುವುದು. ಅದಕ್ಕೆಂದೇ ವನಜಾಕ್ಷಿ ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಹಿಂದಿನ ಗಾಜಿಗೆ ಹಳದಿ ಅಕ್ಷರದಲ್ಲಿ 'ಓಬಳಮ್ಮ' ಎಂದು ಬರೆಸಿದ್ದರು. ಆದರೆ ಗೇರು ಬದಲಾಯಿಸಿದಾಗಲೆಲ್ಲ ಕಾರು ಎಗರುತ್ತಿತ್ತು.

"ಕ್ಲಚ್ಚು ಬುಟ್ಟಾಗ ಒಳಗಡೆಯಿಂದ ದಡಕ್ ಅಂತದೆ ಭೀಮಣ್ಣ. ಏರು ಸಿಕ್ರಂತೂ ಇನ್ನೂ ಜಾಸ್ತಿ" ಎಂದರು ವನಜಾಕ್ಷಿ.

ಇದಕ್ಕಿಂತ ಬಿಡಿಸಿ ಯಾರು ಹೇಳಿಯಾರು? ಭೀಮರಾಜು ಮಾತ್ರ ಕೀ ಇಸಿದುಕೊಂಡು ಕೆರೆ ಏರಿಯವರೆಗೆ ಓಡಿಸಿಕೊಂಡು ಬಂದ. ಅವನ ಕಾಲಡಿ ಕಾರು ಒಂದು ಸಲವೂ ಎಗರಲಿಲ್ಲ. ಕ್ಲಚ್ ಕೇಬಲ್ ಬಿಗಿ ಮಾಡಿದ, ಗೇರ್ ಆಯಿಲ್ ನೋಡಿದ, ಬಾನೆಟ್ ಮುಚ್ಚಿದ.

"ಗಾಡೀಲಿ ಏನೂ ಇಲ್ಲ ಕಣ್ರಮ್ಮ. ಕಾಯಿಲೆ ಇರೋದು ನಿಮ್ ಕಾಲಲ್ಲಿ!"

ಪಕ್ಕದಂಗಡಿಯಲ್ಲಿ ಟೀ ಕುಡಿಯುತ್ತಿದ್ದವರೂ ನಕ್ಕರು. ಜೊತೆಗೆ ಬಂದಿದ್ದ ಟೀಚರ ಗಂಡ ತಿಪ್ಪೇಶ್, "ನಾನು ಮೊದ್ಲಿಂದ ಬಡ್ಕಂಡೆ ಕಣಣ್ಣ, ಕೇಳ್ಬೇಕಲ್ಲ" ಎಂದು ಕೀಯನ್ನು ತನ್ನ ಜೇಬಿಗೆ ಹಾಕಿಕೊಂಡ. ವನಜಾಕ್ಷಿ ಕಾರನ್ನು ಸುತ್ತಿಕೊಂಡು ಹೋಗಿ ಎಡಗಡೆ ಸೀಟಿನಲ್ಲಿ ಕೂತರು. ಆಮೇಲೆ ಕಾರು ಮಾರಿದರಂತೆ ಎಂಬ ಸುದ್ದಿ ಭೀಮರಾಜುವಿನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಮೊನ್ನೆ ಬರಗೂರಿನ ಶಂಕರಲಿಂಗಪ್ಪ ಒಂದು ಬಿಳಿ ಕಾರು ತಂದ. "ಗೇರ್ ಹಾಕಿದ್ರೆ ಎಗರ್ತದಪ್ಪ. ನಾನು ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸ್ದೋನು, ನಂಗೆ ಗೊತ್ತಾಗಲ್ವಾ?"

ಭೀಮರಾಜು ಕೀ ಕೇಳಲಿಲ್ಲ, ನೇರ ಬಾನೆಟ್ ಎತ್ತಿದ. ಶಂಕರಲಿಂಗಪ್ಪನನ್ನೇ ಒಳಗೆ ಕೂರಿಸಿ, ಬ್ರೇಕು ಒತ್ತಿ ಹಿಡಿದು ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡು ಎಂದ. ಇಡೀ ಎಂಜಿನ್ನು ಒಂದು ಪಕ್ಕಕ್ಕೆ ಎದ್ದಿತು. ರಿವರ್ಸ್ ಹಾಕಿಸಿದಾಗ ದಡಕ್ಕನೆ ಇನ್ನೊಂದು ಪಕ್ಕಕ್ಕೆ ಬಿತ್ತು. ಎಂಜಿನ್ನನ್ನು ಗಾಡಿಯ ಮೈಗೆ ಹಿಡಿದಿಡುವ ಮೌಂಟಿಂಗ್ ರಬ್ಬರು ಸೀಳಿಹೋಗಿತ್ತು. ಸೀಳಿನೊಳಗೆ ವರ್ಷಗಳ ಧೂಳು ಗಟ್ಟಿಯಾಗಿ ಕೂತಿತ್ತು. ಹೊಸ ಮೌಂಟಿಂಗ್ ತರಿಸಿ ಹಾಕಿದ. ಅರ್ಧ ದಿನದ ಕೆಲಸ.

ಕೈ ಒರೆಸಿಕೊಳ್ಳುತ್ತ ಕಾರಿನ ಹಿಂದಕ್ಕೆ ಬಂದಾಗ ಗಾಜು ಕಣ್ಣಿಗೆ ಬಿತ್ತು. ಕೆರೆದು ತೆಗೆದರೂ ಹಳದಿ ಅಕ್ಷರಗಳ ಗುರುತು ಉಳಿದಿತ್ತು. ಭೀಮರಾಜು ಬೆರಳಾಡಿಸಿ ಓದಿದ, 'ಓಬಳಮ್ಮ'. ಅದೇ ಗಾಡಿ, ಅದೇ ದೂರು. ಮೂವತ್ತು ವರ್ಷ ಪಳಗಿದ ತನ್ನ ಕಾಲು ಕ್ಲಚ್ಚನ್ನು ಎಷ್ಟು ಹದವಾಗಿ ಬಿಟ್ಟಿತ್ತೆಂದರೆ, ಹರಿದ ರಬ್ಬರು ಅಂದು ಅವನಿಗೆ ಸುಳಿವೇ ಕೊಟ್ಟಿರಲಿಲ್ಲ. ಅದಾದರೂ ಹೋಗಲಿ. ಇವತ್ತು ಗಂಡಸು ಹೇಳಿದ್ದಕ್ಕೆ ಬಾನೆಟ್ ಎತ್ತಿದೆ, ಆ ಹೆಣ್ಣುಮಗಳು ಹೇಳಿದ್ದಕ್ಕೆ ನಕ್ಕೆ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಶಂಕರಲಿಂಗಪ್ಪನ ಕೈಕಾಲು ಹಿಡಿದು ಒಂದೆರಡು ಗಂಟೆಗೆ ಕಾರು ಕೇಳಿಕೊಂಡು ಚನ್ನರಾಯನದುರ್ಗಕ್ಕೆ ಹೋದ. ಶಾಲೆ ಬಿಟ್ಟು ವನಜಾಕ್ಷಿ ಬಸ್ಸಿಗೆ ಕಾಯುತ್ತಿದ್ದರು.

"ತಪ್ಪಾಯ್ತು ಟೀಚರಮ್ಮ. ಕಾಯಿಲೆ ನಿಮ್ ಕಾಲಲ್ಲಿರ್ಲಿಲ್ಲ, ಗಾಡೀಲೇ ಇತ್ತು. ಈಗ ರಿಪೇರಿ ಮಾಡಿವ್ನಿ. ಒಂದ್ಸಲ ನೀವೇ ಓಡಿಸಿ ನೋಡ್ರಮ್ಮ" ಎಂದು ಕೀ ಚಾಚಿದ.

ವನಜಾಕ್ಷಿ ಕೀಯನ್ನೂ ಅವನ ಮುಖವನ್ನೂ ನೋಡಿದರು. ಕೀ ಇಸಿದುಕೊಂಡು ಸ್ಟೇರಿಂಗ್ ಮುಂದೆ ಹತ್ತಿ ಕೂತರು. ಭೀಮರಾಜು ಆ ಕಡೆಯಿಂದ ಬಾಗಿಲು ತೆಗೆದು ಎಡಗಡೆ ಸೀಟಿನಲ್ಲಿ ಕೂತ. ಫಸ್ಟ್, ಸೆಕೆಂಡ್, ಥರ್ಡ್. ಏರಿನಲ್ಲೂ ಕಾರು ಎಗರಲಿಲ್ಲ. ಅವರ ಕಾಲು ಎಷ್ಟು ಹದವಾಗಿತ್ತೆಂದು ಪಕ್ಕದಲ್ಲಿ ಕೂತವನಿಗೆ ಕಾಣುತ್ತಿತ್ತು. ಒಂದು ಸುತ್ತು ಹೋಗಿ ಬಂದು ಬಸ್‌ಸ್ಟಾಪಿನ ಹತ್ತಿರವೇ ನಿಲ್ಲಿಸಿದರು.

"ಅವ್ವ ದಿನಾ ಕೇಳೋಳು, ಬಲಸಮುದ್ರಕ್ಕೆ ಯಾವಾಗ ಕರ್ಕಂಡೋಗ್ತೀಯ ಅಂತ. ನನ್ ಕಾಲು ಸರಿಯಿಲ್ಲ ಕಣವ್ವ ಅಂತಿದ್ದೆ. ನಮ್ಮನೆಯೋರಿಗೆ ಪುರಸೊತ್ತಿಲ್ಲ, ಆಮೇಲೆ ಗಾಡೀನೂ ಮಾರಿದ್ರು. ಹೋದ್ವರ್ಷ ಬಾಡಿಗೆ ಗಾಡಿ ಮಾಡ್ಕಂಡು ಹೋದ್ವಿ, ದೊಡ್ಡಮ್ಮನ್ನ ಮಣ್ಣು ಮಾಡೋಕೆ. ಈಗ ಅವ್ವ ಎಲ್ಲಿಗೂ ಕರ್ಕಂಡೋಗು ಅನ್ನಲ್ಲ."

ವನಜಾಕ್ಷಿ ಎಂಜಿನ್ ಆಫ್ ಮಾಡಿ ಬಾಗಿಲು ತೆಗೆದರು.

"ಅವತ್ತು ಒಂದು ರೌಂಡು, ಇಂಗೇ ಪಕ್ಕದಲ್ಲಿ ಕೂತಿದ್ರೆ ಸಾಕಿತ್ತಲ್ಲ ಭೀಮಣ್ಣ" ಎಂದು ಇಳಿದರು.

ಬಸ್ಸು ಬಂತು, ಅವರು ಹತ್ತಿದರು. ಕೀ ಕಾರಿನಲ್ಲೇ ನೇತಾಡುತ್ತಿತ್ತು. ಭೀಮರಾಜು ಎಡಗಡೆಯ ಸೀಟು ಬಿಟ್ಟು ಏಳಲು ಬಹಳ ಹೊತ್ತಾಯಿತು.